ಗುಹೆಯ ನಕ್ಷೆಯಿಂದ ಹುಟ್ಟಿದ ಆಟ

ಗಣಕಯಂತ್ರದ ಆಟವೆಂದೊಡನೆ ನಮ್ಮ ಕಣ್ಣಮುಂದೆ ಬರುವುದು ಬಣ್ಣಬಣ್ಣದ ಚಿತ್ರ, ಕಿವಿಗಡಚಿಕ್ಕುವ ಸದ್ದು, ಬೆರಳುಗಳ ಚುರುಕು. ಇವೊಂದೂ ಇಲ್ಲದೆ ಬರಿಯ ಮಾತಿನ ಬಲದಿಂದಲೇ ಆಡುವ ಆಟಗಳ ಕಾಲವೊಂದಿತ್ತು ಎಂದರೆ ಇಂದಿನ ಮಕ್ಕಳು ನಂಬಲಾರರು. ಯಂತ್ರವು ಒಂದು ಸ್ಥಳವನ್ನು ನಾಲ್ಕು ಸಾಲುಗಳಲ್ಲಿ ಬಣ್ಣಿಸುತ್ತಿತ್ತು. ಆಟಗಾರನು ಉತ್ತರಕ್ಕೆ ಹೋಗು, ದೀಪ ತೆಗೆದುಕೊ ಎಂಬಂಥ ಆಜ್ಞೆಗಳನ್ನು ಇಂಗ್ಲಿಷಿನಲ್ಲಿ ಬೆರಳಚ್ಚು ಮಾಡುತ್ತಿದ್ದನು. ಯಂತ್ರವು ಅದರ ಫಲವನ್ನು ಮತ್ತೆ ಮಾತಿನಲ್ಲಿಯೇ ತಿಳಿಸುತ್ತಿತ್ತು. ಈ ಸಾಹಸದಾಟಗಳ ಮೂಲಪುರುಷ ಎನ್ನಬಹುದಾದ ಆಟದ ಹೆಸರೇ 'ಅಡ್ವೆಂಚರ್'. ಅದು ಹುಟ್ಟಿದ ಬಗೆ ಸ್ವಾರಸ್ಯಕರ. ಉಳಿದುಬಂದ ಬಗೆ ಅದಕ್ಕಿಂತಲೂ ಸ್ವಾರಸ್ಯಕರ.

ಅಮೆರಿಕದ ಕೆಂಟಕಿ ರಾಜ್ಯದಲ್ಲಿ ಮ್ಯಾಮತ್ ಎಂಬ ಸುಣ್ಣಕಲ್ಲಿನ ಮಹಾಗುಹೆಯಿದೆ. ನೆರೆಯ ಫ್ಲಿಂಟ್ ರಿಜ್ ಗುಹೆಗಳಿಗೂ ಅದಕ್ಕೂ ಒಳಗಿಂದೊಳಗೇ ದಾರಿಯಿರಬೇಕೆಂದು ಗುಹಾನ್ವೇಷಕರು ಬಹುಕಾಲದಿಂದ ಊಹಿಸಿದ್ದರು. 1972ರ ಬೇಸಗೆಯಲ್ಲಿ ಪೆಟ್ರೀಷಿಯಾ ಕ್ರೌದರ್ ಎಂಬ ತೆಳುಮೈಯ ಮಹಿಳೆ ಬಹಳ ಇಕ್ಕಟ್ಟಾದ ಸಂದಿಯೊಂದರಲ್ಲಿ ನುಸುಳಿ ಮುಂದಿನ ದಾರಿಯನ್ನು ತೋರಿಸಿಕೊಟ್ಟರು. ಅದೇ ಸೆಪ್ಟೆಂಬರ್ 9ರಂದು ಆಕೆಯೂ ಇದ್ದ ತಂಡವು ನೆಲದಡಿಯ ಹೊಳೆಯಲ್ಲಿ ನಡೆದು ಮ್ಯಾಮತ್ ಗುಹೆಯನ್ನು ಸೇರಿತು. ಎರಡೂ ಕೂಡಿ ಜಗತ್ತಿನಲ್ಲಿ ತಿಳಿದಿರುವ ಗುಹೆಗಳಲ್ಲೆಲ್ಲ ಅತಿ ಉದ್ದವಾದುದೆನಿಸಿತು. ಇಂದು ಅದರ ಅಳೆದ ದಾರಿಯೇ 680 ಕಿಲೋಮೀಟರಿಗೂ ಹೆಚ್ಚು.

ಪೆಟ್ರೀಷಿಯಾ ಅವರ ಪತಿ ವಿಲ್ ಕ್ರೌದರ್ ಅವರಿಗೂ ಗುಹೆಗಳ ಹುಚ್ಚು. ವೃತ್ತಿಯಲ್ಲಿ ಅವರು ಬೋಲ್ಟ್ ಬೆರಾನೆಕ್ ಅಂಡ್ ನ್ಯೂಮನ್ ಸಂಸ್ಥೆಯ ಗಣಕತಜ್ಞರು. ಇಂದಿನ ಇಂಟರ್‌ನೆಟ್‌ನ ಪೂರ್ವಜವಾದ ಅರ್ಪಾನೆಟ್ ಜಾಲವನ್ನು ಕಟ್ಟಿದವರಲ್ಲಿ ಒಬ್ಬರು. ಗುಹೆಯಲ್ಲಿ ತೆಗೆದ ಅಳತೆಗಳನ್ನು ದಂಪತಿಗಳು ಗಣಕಯಂತ್ರಕ್ಕೆ ಉಣಿಸಿ ನಕ್ಷೆಗಳನ್ನು ಸಿದ್ಧಪಡಿಸುತ್ತಿದ್ದರು. ಮುಂದೆ ಈ ದಾಂಪತ್ಯ ಮುರಿಯಿತು. ಗುಹೆಗಳ ಒಡನಾಟವೂ ತಪ್ಪಿತು, ಇಬ್ಬರು ಹೆಣ್ಣುಮಕ್ಕಳೂ ದೂರವಾದರು. ಆ ಮಕ್ಕಳು ಬಂದಾಗ ಆಡಲೆಂದು ಕ್ರೌದರ್ ಅವರು 1975-76ರ ಸುಮಾರಿಗೆ ಪಿಡಿಪಿ-10 ಯಂತ್ರದ ಮೇಲೆ ಫೋರ್ಟ್ರಾನ್ ಭಾಷೆಯಲ್ಲಿ ಒಂದು ಆಟವನ್ನು ಬರೆದರು. ಅದೇ 'ಅಡ್ವೆಂಚರ್'.

ಆಟದೊಳಗಿನ ಗುಹೆ ಕೇವಲ ಕಲ್ಪನೆಯಲ್ಲ. ಅದೇ ಗುಹಾಸಮೂಹದ ಬೆಡ್‌ಕ್ವಿಲ್ಟ್ ಎಂಬ ಭಾಗದ ಪ್ರತಿರೂಪ. ಆಟವನ್ನು ಮಾತ್ರ ಬಲ್ಲ ಅನ್ವೇಷಕಿಯೊಬ್ಬರು ಮೊದಲ ಸಲ ಆ ಗುಹೆಗೆ ಇಳಿದಾಗ ಅಲ್ಲಿನ ದಾರಿಗಳನ್ನು ತಾವೇ ಗುರುತಿಸಿದರಂತೆ. ಕುಳ್ಳರು, ನಿಧಿಗಳು, ಮಂತ್ರದ ಮಾತು ಇವೆಲ್ಲ ಮೇಲಿನ ಒಗ್ಗರಣೆ. ಅಡಿಪಾಯ ಮಾತ್ರ ಒಡೆದ ಸಂಸಾರವೊಂದು ಒಟ್ಟಿಗಿದ್ದಾಗ ಅಳೆದ ನೆಲ.

ಆಟವು ಜಾಲದ ಮೂಲಕ ಊರೂರಿಗೆ ಹರಡಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಡಾನ್ ವುಡ್ಸ್ ಅದನ್ನು ಕಂಡು, ಕರ್ತೃವಿನ ವಿಳಾಸ ತಿಳಿಯದೆ, ಜಾಲದಲ್ಲಿದ್ದ ಪ್ರತಿಯೊಂದು ಯಂತ್ರಕ್ಕೂ ಕ್ರೌದರ್ ಹೆಸರಿಗೆ ಪತ್ರ ಹಾಕಿದರು. ಅನುಮತಿ ಪಡೆದು ಹೊಸ ಕೋಣೆಗಳನ್ನೂ ಒಗಟುಗಳನ್ನೂ ಸೇರಿಸಿದರು. 1977ರ ಆ ಪರಿಷ್ಕೃತ ರೂಪದಲ್ಲಿ ಪೂರ್ಣ ಗೆಲುವಿಗೆ 350 ಅಂಕಗಳು. ಆದರೂ ಯಂತ್ರಕ್ಕೆ ಎರಡು ಪದಗಳ ಆಜ್ಞೆಯಷ್ಟೇ ಅರ್ಥವಾಗುತ್ತಿತ್ತು. ಪ್ರತಿ ಪದದ ಮೊದಲ ಐದು ಅಕ್ಷರಗಳನ್ನಷ್ಟೇ ಅದು ನೋಡುತ್ತಿತ್ತು.

ಈ ಬೀಜದಿಂದ ಎರಡು ಕೊಂಬೆಗಳು ಒಡೆದವು. ಎಂ.ಐ.ಟಿ.ಯ ನಾಲ್ವರು ತರುಣರು 1977ರಲ್ಲಿ ತೊಡಗಿದ 'ಜ಼ೋರ್ಕ್' ಇಡಿಯ ವಾಕ್ಯಗಳನ್ನೇ ಗ್ರಹಿಸುವಷ್ಟು ಜಾಣತನ ಪಡೆಯಿತು. ಅದನ್ನು ಮಾರಿದ ಇನ್‌ಫೋಕಾಮ್ ಸಂಸ್ಥೆ 1979ರಲ್ಲಿ ಹುಟ್ಟಿ 1989ರಲ್ಲಿ ಬಾಗಿಲು ಹಾಕಿತು. ಇತ್ತ ರಾಬರ್ಟಾ ವಿಲಿಯಮ್ಸ್ ಎಂಬ ಗೃಹಿಣಿ 'ಅಡ್ವೆಂಚರ್' ಆಡಿ ಮರುಳಾಗಿ, ಪತಿ ಕೆನ್ ಅವರೊಡನೆ 1980ರಲ್ಲಿ ಗೆರೆಚಿತ್ರಗಳುಳ್ಳ 'ಮಿಸ್ಟರಿ ಹೌಸ್' ಆಟವನ್ನು ಹೊರತಂದರು. ಅಲ್ಲಿಂದ ಚಿತ್ರ ಬೆಳೆಯಿತು, ಮಾತು ಸೊರಗಿತು. 1987ರ 'ಮೇನಿಯಾಕ್ ಮ್ಯಾನ್ಷನ್' ಆಟದಲ್ಲಿ ಕ್ರಿಯಾಪದಗಳೆಲ್ಲ ತೆರೆಯ ಕೆಳಗೆ ಸಾಲಾಗಿ ನಿಂತವು. ಆರಿಸಿ ಒತ್ತಿದರೆ ಸಾಕು. 1993ರ 'ಮಿಸ್ಟ್' ಬರುವ ಹೊತ್ತಿಗೆ ಆ ಪದಗಳೂ ಮಾಯವಾದವು. ಯಂತ್ರ ಒಪ್ಪುವ ಪದಕ್ಕಾಗಿ ತಡಕಾಡುವ ಕಾಟ ತಪ್ಪಿತೆಂಬುದು ನಿಜ. ಆದರೆ ಏನು ಮಾಡಬಹುದೆಂದು ತಾನೇ ಯೋಚಿಸಿ, ತನ್ನ ಮಾತಿನಿಂದಲೇ ಬಾಗಿಲು ತೆರೆಸುವ ಸುಖವೂ ಅದರೊಡನೆ ಹೋಯಿತು.

ಇಷ್ಟೆಲ್ಲಕ್ಕೂ ತಾಯಿಬೇರಾದ ಕ್ರೌದರ್ ಅವರ ಮೊದಲ ಬರಹ ಕಳೆದೇಹೋಯಿತೆಂದು ಎಲ್ಲರೂ ನಂಬಿದ್ದರು. 2005ರಲ್ಲಿ ಡೆನಿಸ್ ಜೆರ್ಜ್ ಎಂಬ ವಿದ್ವಾಂಸರ ಪ್ರಯತ್ನದಿಂದ ಅದು ದೊರೆಯಿತು. ಎಲ್ಲಿ? ಡಾನ್ ವುಡ್ಸ್ ಅವರ ವಿದ್ಯಾರ್ಥಿದೆಸೆಯ ಕಡತಗಳಿಂದ ಸ್ಟ್ಯಾನ್‌ಫರ್ಡಿನಲ್ಲಿ ತೆಗೆದಿರಿಸಿದ್ದ ಹಳೆಯ ನಕಲಿನಲ್ಲಿ. ಆ ಬರಹವನ್ನು ನಿಜವಾದ ಗುಹೆಯೊಡನೆ ಹೋಲಿಸಿ ಅವರು ಬರೆದ ಪ್ರಬಂಧ 2007ರಲ್ಲಿ ಪ್ರಕಟವಾಯಿತು. 2023ರಲ್ಲಿ ವಿಲಿಯಮ್ಸ್ ದಂಪತಿಗಳು ಅದೇ ಗುಹೆಯ ಆಟಕ್ಕೆ ಹೊಸ ಚಿತ್ರರೂಪ ಕೊಟ್ಟರು. 2025ರಲ್ಲಿ 'ಜ಼ೋರ್ಕ್' ಆಟದ ಮೊದಲ ಮೂರು ಭಾಗಗಳ ಮೂಲಬರಹವೂ ಎಲ್ಲರಿಗೂ ಮುಕ್ತವಾಯಿತು.

ತಾಮ್ರಶಾಸನ, ತಾಳೆಗರಿಗಳನ್ನು ಹುಡುಕಿ ಉಳಿಸಿದವರನ್ನು ನಾವು ನೆನೆಯುತ್ತೇವೆ. ಹುಟ್ಟಿ ಐವತ್ತು ವರ್ಷವಷ್ಟೇ ಆದ ಆಟವೊಂದರ ಮೂಲಪ್ರತಿಗೂ ಇಷ್ಟು ಹುಡುಕಾಟ ಬೇಕಾಯಿತೆಂಬುದನ್ನು ಗಮನಿಸಬೇಕು. ಯಂತ್ರದೊಳಗಿನ ಬರಹ ಓಲೆಗಿಂತ ಬೇಗ ನಶಿಸುವಂಥದು. ನಕಲು ಮಾಡಿ ಜೋಪಾನವಾಗಿರಿಸಿದರಷ್ಟೇ ಅದಕ್ಕೆ ಆಯುಷ್ಯ. 'ಅಡ್ವೆಂಚರ್' ಇಂದಿಗೂ ಉಚಿತವಾಗಿ ಆಡಲು ದೊರೆಯುತ್ತದೆ. ಬಿಡುವಿದ್ದಾಗ ಮಕ್ಕಳು ಮೊಮ್ಮಕ್ಕಳನ್ನು ಕೂಡಿಸಿಕೊಂಡು ಆಡಿನೋಡಬಹುದು. ಒಂದು ಹಾಳೆ, ಒಂದು ಪೆನ್ಸಿಲ್ ಕೈಯಲ್ಲಿರಲಿ. ನಕ್ಷೆಯನ್ನು ನೀವೇ ಬರೆದುಕೊಳ್ಳಬೇಕು.