ಪದ ಪರಿಚಯ: ಕಂಸಾಳೆ

ಕಂಸಾಳೆ (ನಾಮಪದ): ಕಂಚಿನ ತಾಳ, ಅದನ್ನು ಹಿಡಿದು ಹಾಡುವ, ಕುಣಿಯುವ ಕಲೆ.

ನಿರೂಪಕರ ಬಾಯಲ್ಲೂ ಬ್ಯಾನರುಗಳಲ್ಲೂ ಇದು ಈಗೀಗ 'ಕಂಸಾಲೆ' ಆಗುತ್ತಿದೆ. ಮೈಸೂರು, ಚಾಮರಾಜನಗರ, ಮಂಡ್ಯ ಸೀಮೆಯ ಹಾಡುಗಾರರು ಹಾಗೆನ್ನರು. ಆ ಳಕಾರವನ್ನು ಉಳಿಸಿಕೊಳ್ಳಬೇಕು. ಕನ್ನಡದ ತಾಳದ 'ಳ' ಅದು.

ಮೂಲ, ಸಂಸ್ಕೃತದ ಕಾಂಸ್ಯತಾಲ. ಕಾಂಸ್ಯವೆಂದರೆ ಕಂಚು. ಪಾಲಿಯಲ್ಲಿ ಇದು ಕಂಸತಾಲ. ಪ್ರಾಕೃತದಲ್ಲಿ ನಡುವಿನ ತಕಾರ ಸವೆದು ಕಂಸಾಲ. ನಮ್ಮ ಕಂಚು, ಕಂಚುಗಾರ, ಹಿಂದಿಯ ಕಾಂಸಾ, ಮರಾಠಿಯ ಕಾಸಾರ, ಬಂಗಾಳಿಯ ಕಾಂಸಿ ಎಂಬ ಜಾಗಟೆ ಎಲ್ಲವೂ ಕಾಂಸ್ಯದ ಬಳಗವೇ. ಕೃಷ್ಣನ ಮಾವ ಕಂಸನನ್ನು ಇಲ್ಲಿಗೆ ಎಳೆತರಬೇಕಿಲ್ಲ.

ಇದು ಜೋಡಿ ವಾದ್ಯ. ಎಡ ಅಂಗೈಯಲ್ಲಿ ಬಟ್ಟಲಿನಂಥದ್ದು. ಬಲಗೈಯಲ್ಲಿ ಚಪ್ಪಟೆ ಬಿಲ್ಲೆ, ಅದರ ನಡುವೆ ದಾರ, ದಾರಕ್ಕೆ ಗೊಂಡೆ. ಮಲೆ ಮಹದೇಶ್ವರನ, ಅಂದರೆ ಮಾದಪ್ಪನ, ದೀಕ್ಷೆ ಪಡೆದ ದೇವರಗುಡ್ಡರು ಇದನ್ನು ನುಡಿಸುತ್ತ ಮಾದಪ್ಪನ ಕಥೆ ಹಾಡುತ್ತಾರೆ. ಹೀಗಾಗಿ ವಾದ್ಯದ ಹೆಸರು ಹಾಡುಗಾರರಿಗೂ ಬಂತು: 'ಕಂಸಾಳೆಯವರು'. ಕಲಾವಿದ ಕಂಸಾಳೆ ಮಹದೇವಯ್ಯನವರಿಗಂತೂ ಅದು ಹೆಸರಿನ ಭಾಗವೇ ಆಯಿತು. 'ಬೀಸು ಕಂಸಾಳೆ' ಎಂದರೆ ಕುಣಿತ. ದಾರ ಹಿಡಿದು ಬಿಲ್ಲೆಯನ್ನು ತಲೆಯ ಮೇಲೆ, ಬೆನ್ನ ಹಿಂದೆ ಬೀಸುತ್ತ, ಎದುರಾಳಿಯ ಹೊಡೆತ ತಪ್ಪಿಸುವವರಂತೆ ಬಾಗಿ ಜಿಗಿಯುತ್ತ, ಪ್ರತಿ ಬೀಸಿಗೂ ಬಟ್ಟಲಿಗೆ ತಾಗಿಸಿ ತಾಳ ಹಿಡಿಯಬೇಕು.

'ಕಂಸಾಳೆ ನೃತ್ಯ' ಎಂದು ಬರೆಯುವುದು ಈಗ ರೂಢಿ. ಬೀಸು ಕಂಸಾಳೆಗೆ ಕುಣಿತ ಎಂಬ ಮಾತೇ ಚೆನ್ನಾಗಿ ಒಪ್ಪುತ್ತದೆ. ಇನ್ನು, ಕುಳಿತು ರಾತ್ರಿಯಿಡೀ ಕಥೆ ಹಾಡುವುದೂ ಕಂಸಾಳೆಯೇ. ಅದನ್ನು ನೃತ್ಯವೆಂದರೆ ತಪ್ಪು.