ಕಾಕಾನ ರಿನ್ಯೂವಲ್ ಲೆಕ್ಕ

"ಗಾಡಿ ಹಳೇದಾತು, ಇನ್ಶೂರೆನ್ಸ್ ಯಾಕ ಜಾಸ್ತಿ ಆತು?" ಯರಗೇರಾದಿಂದ ಕಾಕಾ ಫೋನಿನಲ್ಲಿ ಕೇಳಿದಾಗ ನನಗೂ ಗೊತ್ತಿರಲಿಲ್ಲ. ಅವರ ಎಲೆಕ್ಟ್ರಿಕ್ ಕಾರಿಗೆ ಈಗ ಮೂರು ವರ್ಷ ತುಂಬಿದೆ. ಕಾಗದ ವಾಟ್ಸಾಪಿಗೆ ಹಾಕಿಸಿಕೊಂಡು ನೋಡಿದೆ. ಎರಡು ಕಾಲದ ಕಾನೂನು ಒಂದೇ ಬಿಲ್ಲಿನಲ್ಲಿದ್ದವು.

ಮೊದಲನೆಯದು ಥರ್ಡ್ ಪಾರ್ಟಿ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಯದ್ದು. ಬ್ರಿಟಿಷ್ ಇಂಡಿಯಾದಲ್ಲಿ ಇದು ಕಡ್ಡಾಯವಾದದ್ದು 1946ರಲ್ಲಿ. (ರಾಯಚೂರು ಆಗ ನಿಜಾಮನ ಹೈದರಾಬಾದಿನಲ್ಲಿತ್ತು, ಬಿಡಿ.) ಇದರ ದರ ಇವತ್ತಿಗೂ ಸರ್ಕಾರವೇ ನಿಗದಿ ಮಾಡುತ್ತದೆ. 2022ರ ಜೂನ್‌ನಲ್ಲಿ ಎಲೆಕ್ಟ್ರಿಕ್‌ಗೆ ಶೇ. 15 ರಿಯಾಯಿತಿ ಕೊಟ್ಟು, 30ರಿಂದ 65 ಕಿಲೋವ್ಯಾಟ್ ಕಾರಿಗೆ ವರ್ಷಕ್ಕೆ 2,904 ರೂಪಾಯಿ ಮಾಡಿದರು. ಆದರೆ ಸುಪ್ರೀಂ ಕೋರ್ಟ್ ಆದೇಶದಿಂದಾಗಿ 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷದ್ದು ಒಟ್ಟಿಗೇ ಕಟ್ಟಬೇಕು. ಕಾಕಾ ಶೋರೂಮಿನಲ್ಲಿ ಕಟ್ಟಿ ಮರೆತಿದ್ದರು. ಆ ಮೂರು ವರ್ಷ ಮುಗಿದು, ಈಗ ಅದು ಮತ್ತೆ ಬಿಲ್ಲಿಗೆ ಬಂದಿತ್ತು.

ಇನ್ನೊಂದು ನಮ್ಮ ಗಾಡಿಯದೇ ಡ್ಯಾಮೇಜ್. 2006ರ ಕೊನೆಯ ತನಕ ಇದಕ್ಕೂ ಎಲ್ಲ ಕಂಪನಿಗಳದ್ದು ಒಂದೇ ದರಪಟ್ಟಿ. ಆಮೇಲೆ ಅವರವರ ಇಷ್ಟ. ಕಾರಿನ ಬೆಲೆ ವರ್ಷವರ್ಷ ಇಳಿಸಿ ಲೆಕ್ಕ ಹಾಕುತ್ತಾರೆ, ಸರಿ. ಆದರೆ ಕೆಳಗಿನಿಂದ ಜೋರಾಗಿ ಪೆಟ್ಟು ಬಿದ್ದರೆ ಕೆಲವೊಮ್ಮೆ ಇಡೀ ಬ್ಯಾಟರಿಯನ್ನೇ ಬದಲಿಸಬೇಕು, ಕಾರಿನಲ್ಲಿ ಅದೇ ದುಬಾರಿ. ಅದಕ್ಕೇ ಬ್ಯಾಟರಿ ಕವರ್‌ಗೆ ಬೇರೆ ದುಡ್ಡು. ಸಾಲದ್ದಕ್ಕೆ ಹೋದ ವರ್ಷ ಬಂಪರ್‌ಗೆ ಕ್ಲೇಮ್ ಮಾಡಿ, ಬರಬೇಕಿದ್ದ ನೋ ಕ್ಲೇಮ್ ಬೋನಸ್ಸನ್ನೂ ಕಳೆದುಕೊಂಡಿದ್ದರು.

"ಬ್ಯಾಟರೀದು ತಗಸಿಬಿಡ್ಲೇನು?" ಅಂದರು. ಅವರ ಹೊಲದ ದಾರಿ ನೆನಪಾಯಿತು. "ಬ್ಯಾಡ ಕಾಕಾ, ಅದೊಂದು ಇರ್ಲಿ" ಅಂದೆ.