ವೈದ್ಯವೃತ್ತಿಯೂ ರಾಜಾನುಜ್ಞೆಯೂ

ವೈದ್ಯರ ಹೆಸರುಗಳನ್ನು ಸರಕಾರದ ಪಟ್ಟಿಯಲ್ಲಿ ದಾಖಲು ಮಾಡುವ ಪದ್ಧತಿಯು ಆಂಗ್ಲರಿಂದ ಬಂದುದೆಂದು ಹೇಳುವುದುಂಟು. ಪಟ್ಟಿಯ ಮಟ್ಟಿಗೆ ಈ ಮಾತು ದಿಟವೇ. ಇಂಗ್ಲೆಂಡಿನಲ್ಲಿ ಅದು 1858ರ ಕಾಯಿದೆಯಿಂದ ಏರ್ಪಟ್ಟಿತು. ಆದರೆ ಅನುಜ್ಞೆಯಿಲ್ಲದೆ ಚಿಕಿತ್ಸೆಗೆ ತೊಡಗಬಾರದೆಂಬ ವಿಧಿಯು ನಮ್ಮಲ್ಲಿ ಬಹು ಪ್ರಾಚೀನವಾದುದು. ಶಾಸ್ತ್ರವನ್ನೋದಿ, ಅರ್ಥವನ್ನರಿತು, ಕರ್ಮಗಳನ್ನು ಕಣ್ಣಾರೆ ಕಂಡು, ತಾನೇ ಮಾಡಿ ಪಳಗಿ, ಆಮೇಲೆ ರಾಜನ ಅಪ್ಪಣೆಯನ್ನು ಪಡೆದವನೇ ವೃತ್ತಿಗಿಳಿಯತಕ್ಕದ್ದೆಂಬುದು ಸುಶ್ರುತಸಂಹಿತೆಯ ಸೂತ್ರಸ್ಥಾನದ ಮತ. ಅದೇ ಸ್ಥಾನದಲ್ಲಿ ಬರುವ ಇನ್ನೊಂದು ಅಭಿಪ್ರಾಯವು ಇದಕ್ಕಿಂತಲೂ ವಿಚಾರಾರ್ಹವಾದುದು. ಕುವೈದ್ಯನು ಲೋಭದಿಂದ ಜನರನ್ನು ಕೊಲ್ಲುವುದು ರಾಜನ ದೋಷದಿಂದಲೇ ಎಂದು ಅಲ್ಲಿ ನಿರ್ಣಯಿಸಿದೆ. ಅಪರಾಧವನ್ನು ವೈದ್ಯನೊಬ್ಬನ ತಲೆಗೆ ಕಟ್ಟಿ ಸುಮ್ಮನಾಗಲು ಶಾಸ್ತ್ರಕಾರನು ಒಪ್ಪಲಿಲ್ಲ. ಕೌಟಿಲ್ಯನಾದರೋ, ಪ್ರಾಣಾಪಾಯದ ರೋಗಕ್ಕೆ ಅಧಿಕಾರಿಗಳಿಗೆ ತಿಳಿಸದೆ ಚಿಕಿತ್ಸೆಮಾಡಿ ರೋಗಿಯು ಮಡಿದರೆ ವೈದ್ಯನಿಗೆ ದಂಡವನ್ನು ವಿಧಿಸಿ ಮುಂದೆ ಸಾಗುತ್ತಾನೆ.

ಕನ್ನಡನಾಡಿನಲ್ಲಿ ವೈದ್ಯನ ಯೋಗ್ಯತೆಯು ಸಭೆಯಲ್ಲಿ ಪರೀಕ್ಷೆಗೆ ಒಳಗಾಗುತ್ತಿದ್ದುದಕ್ಕೆ ಕಲ್ಯಾಣಕಾರಕವು ನಿದರ್ಶನವಾಗಿದೆ. ಅದನ್ನು ಸಂಸ್ಕೃತದಲ್ಲಿ ರಚಿಸಿದ ಉಗ್ರಾದಿತ್ಯನು, ಪಂಡಿತರೂ ವೈದ್ಯರೂ ನೆರೆದ ನೃಪತುಂಗನ ಆಸ್ಥಾನದಲ್ಲಿ ಮಾಂಸಾಹಾರವು ನಿಷ್ಪ್ರಯೋಜಕವೆಂದು ವಾದಿಸಿದುದನ್ನು ಗ್ರಂಥಾಂತ್ಯದಲ್ಲಿ ಹೇಳಿಕೊಂಡಿದ್ದಾನೆ. ಬಳ್ಳಿಗಾವೆಯ ಕೋಡಿಮಠದ 1162ರ ಶಾಸನವು ಆ ಮಠವನ್ನು ವಿದ್ಯಾಸ್ಥಾನವೆಂದು ಹೊಗಳುವುದರೊಡನೆ ಅನಾಥರಾದ ರೋಗಿಗಳಿಗೆ ಔಷಧೋಪಚಾರ ದೊರೆಯುವ ಎಡೆಯೆಂದೂ ಕೊಂಡಾಡುತ್ತದೆ. ಆಸ್ಪತ್ರೆಯ ಸಿಬ್ಬಂದಿಯ ವಿವರಕ್ಕೆ ಮಾತ್ರ ನೆರೆಯ ತಮಿಳುನಾಡಿನ ತಿರುಮುಕ್ಕೂಡಲನ್ನು ನೋಡಬೇಕು. ಅಲ್ಲಿನ 11ನೆಯ ಶತಮಾನದ ಚೋಳಶಾಸನದಲ್ಲಿ 15 ಹಾಸಿಗೆಗಳ ಆತುರಶಾಲೆಗೆ ವೈದ್ಯ, ಶಸ್ತ್ರವೈದ್ಯ, ಮೂಲಿಕೆ ತರುವವರು, ಶುಶ್ರೂಷೆಯ ಹೆಂಗಸರು, ಕ್ಷೌರಿಕ ಎಂದು ಒಬ್ಬೊಬ್ಬರ ಸಂಬಳವನ್ನೂ ನಮೂದಿಸಿದೆ.

ಮೈಸೂರು ಸಂಸ್ಥಾನದಲ್ಲಿ ಆಯುರ್ವೇದ ಕಾಲೇಜು 1908ರಲ್ಲಿಯೂ, ಬೆಂಗಳೂರಿನಲ್ಲಿ ವೈದ್ಯಕೀಯ ಕಾಲೇಜು 1924ರಲ್ಲಿಯೂ ಆರಂಭವಾದವು. ಎರಡನೆಯದು 1930ರಲ್ಲಿ ಮೈಸೂರಿಗೆ ಬಂದಿತು. ಮರುವರ್ಷ, 1931ರಲ್ಲಿ, ಮೈಸೂರು ವೈದ್ಯಕೀಯ ನೋಂದಣಿ ಕಾಯಿದೆಯಾಯಿತು. ಧಾರವಾಡದ ವೈದ್ಯನು ಅದಕ್ಕೆ ಮೊದಲೇ ಮುಂಬಯಿಯ 1912ರ ಕಾಯಿದೆಗೂ, ಮಂಗಳೂರಿನವನು ಮದರಾಸಿನ 1914ರ ಕಾಯಿದೆಗೂ ಒಳಪಟ್ಟಿದ್ದನು. ಈ ಪ್ರಾಂತೀಯ ಕಾಯಿದೆಗಳ ಸ್ವರೂಪವನ್ನು ಸರಿಯಾಗಿ ತಿಳಿಯಬೇಕು. ಪಟ್ಟಿಯಲ್ಲಿಲ್ಲದವನು ಮದ್ದು ಕೊಡಲೇಕೂಡದೆಂದು ಅವು ಹೇಳಲಿಲ್ಲ. ಕಾನೂನಿಗೆ ಸಲ್ಲುವ ವೈದ್ಯಪತ್ರಕ್ಕೆ ರುಜು ಹಾಕುವ ಹಕ್ಕನ್ನೂ ಸಾರ್ವಜನಿಕ ಆಸ್ಪತ್ರೆಯ ಹುದ್ದೆಗಳನ್ನೂ ಪಟ್ಟಿಯಲ್ಲಿದ್ದವರಿಗೆ ಮೀಸಲಿಟ್ಟವು. ಆಸ್ಪತ್ರೆಯ ಬಾಗಿಲಿಗೆ ಕಾವಲು ಬಂದಿತು, ಊರಿನ ಬಾಗಿಲು ತೆರೆದೇ ಇದ್ದಿತು ಎನ್ನಬಹುದು. 1956ರಲ್ಲಿ ನಾಡು ಒಂದಾದ ಬಳಿಕ 1961ರ ನೋಂದಣಿ ಕಾಯಿದೆಯು ಈ ಭೇದಗಳನ್ನು ತೊಡೆಯಿತು. ಖಾಸಗಿ ಆಸ್ಪತ್ರೆಗಳನ್ನೇ ನೋಂದಣಿಗೆ ಒಳಪಡಿಸಿದ ಕಾಯಿದೆಯು 2007ರದು.

ಇಷ್ಟಾದರೂ ಹೆಗ್ಗಡದೇವನಕೋಟೆಯ ಸೀಮೆಯಲ್ಲಿ ನಿಂತು ನೋಡಿದರೆ ಪ್ರಶ್ನೆಯ ಮುಖವೇ ಬೇರೆ. ಕೋಟೆಯ ಬಳಿಯ ಕೂಡುದಾರಿಗೆ ಹ್ಯಾಂಡ್‌ಪೋಸ್ಟ್ ಎಂದು ಹೆಸರು. (ಮಲೆನಾಡಿನಲ್ಲಿ ಇಂಥದೇ ಎಡೆಗಳಿಗೆ ಕೈಮರವೆಂಬ ಅಚ್ಚಗನ್ನಡದ ಹೆಸರುಂಟು.) ಕಾಡಂಚಿನ ಹಾಡಿಗಳಲ್ಲಿ ಜೇನುಕುರುಬರೂ ಬೆಟ್ಟಕುರುಬರೂ ಯರವರೂ ವಾಸಿಸುತ್ತಾರೆ. ಮೂಲಿಕೆಗಳನ್ನು ಬಲ್ಲ ಅವರ ಹಿರಿಯರಿಗೆ ಯಾವ ಪಟ್ಟಿಯಲ್ಲಿಯೂ ಎಡೆಯಿಲ್ಲ. ನೋಂದಣಿಯಿಲ್ಲದ ಪಾರಂಪರಿಕ ವೈದ್ಯರಿಗೆ ವೃತ್ತಿಯ ಹಕ್ಕಿಲ್ಲವೆಂದು ಕೇರಳದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪಿತ್ತಿತು. ರೋಗಿಯ ಪ್ರಾಣವನ್ನು ನೆನೆದರೆ ತೀರ್ಪು ಯುಕ್ತವಾದುದೇ. ಆದರೆ ಅಯೋಗ್ಯನನ್ನು ತಡೆದ ಅರಸು ಯೋಗ್ಯನನ್ನು ಅಲ್ಲಿಗೆ ಕಳುಹಿಸದಿದ್ದರೆ, ಸುಶ್ರುತನ ನ್ಯಾಯದಂತೆ ದೋಷವು ಯಾರದು? ಮೈಸೂರು ವೈದ್ಯಕೀಯ ಕಾಲೇಜಿನ ಕೆಲವು ವಿದ್ಯಾರ್ಥಿಗಳು 1984ರಲ್ಲಿ ಸ್ವಾಮಿ ವಿವೇಕಾನಂದ ಯುವ ಚಳವಳಿಯನ್ನು ಕಟ್ಟಿ ಈ ತಾಲ್ಲೂಕಿಗೆ ಬಂದುದು ಸ್ವಂತ ಸಂಕಲ್ಪದಿಂದ, ಅಪ್ಪಣೆಯಿಂದಲ್ಲ.

ಅನುಜ್ಞೆಯನ್ನೇ ಇದಕ್ಕೆ ಸಾಧನವಾಗಿಸಲು ಕರ್ನಾಟಕವು 2012ರಲ್ಲಿ ಯತ್ನಿಸಿತು. ವೈದ್ಯಪದವಿ ಪಡೆದವರು ಒಂದು ವರ್ಷ ಹಳ್ಳಿಯ ಸರಕಾರಿ ಆಸ್ಪತ್ರೆಯಲ್ಲಿ ಸೇವೆ ಸಲ್ಲಿಸಿದ ಮೇಲೆಯೇ ಅವರಿಗೆ ಶಾಶ್ವತ ನೋಂದಣಿಯೆಂದು ಆ ವರ್ಷದ ಕಾಯಿದೆಯು ಗೊತ್ತುಮಾಡಿತು. ವೈದ್ಯನ ವಿದ್ಯೆಯೊಡನೆ ಅವನು ನಿಲ್ಲುವ ಊರನ್ನೂ ರಾಜಾನುಜ್ಞೆಗೆ ಸೇರಿಸಿದ ಈ ಏರ್ಪಾಡು ಸುಶ್ರುತನ ವಿಧಿಯಲ್ಲಿಯೂ ಇಲ್ಲದ ಹೊಸ ಅಂಶ. 2023ರಲ್ಲಿ ಅದನ್ನು ಸಡಿಲಿಸಿ, ಖಾಲಿಯಿರುವ ಹುದ್ದೆಗಳಿಗೆ ಬೇಕಾದಷ್ಟು ಮಂದಿಗೆ ಮಾತ್ರ ಆ ಸೇವೆಯನ್ನು ವಿಧಿಸುವಂತೆ ತಿದ್ದುಪಡಿಯಾಯಿತು.